ಮಸಿಗೂ ಆಧಾರ ಬೇಕು

ಇಂಟರ್‌ನ್ಯಾಷನಲ್ ಪ್ಲಾಸ್ಟಿಕ್ ಮಾಡೆಲರ್ಸ್ ಸೊಸೈಟಿ ಬ್ರಿಟನ್ನಿನಲ್ಲಿ ಶುರುವಾದದ್ದು 1963ರಲ್ಲಿ. ಐಪಿಎಂಎಸ್ ಎಂಬ ನಾಲ್ಕಕ್ಷರ ಹೇಳಿದರೆ ಸಾಕು, ಪ್ಲಾಸ್ಟಿಕ್ ವಿಮಾನ ಕಟ್ಟುವವರು ಯಾವ ದೇಶದವರಾದರೂ ಕಿವಿ ನಿಮಿರಿಸುತ್ತಾರೆ. ಆ ಸಂಘದ ಅರವತ್ತು ವರ್ಷಗಳ ನೆನಪಿಗೆ ಬೆಂಗಳೂರಿನ ನಮ್ಮ ಪುಟ್ಟ ಬಳಗ ಈ ಸಂಚಿಕೆಯನ್ನು ತರುತ್ತಿದೆ. ನಮಗೂ ಅವರಿಗೂ ಕಾಗದಪತ್ರದ ನಂಟೇನೂ ಇಲ್ಲ. ಆದರೂ ನಾವು ಒಂದು ಮೇಜಿನ ಸುತ್ತ ಕೂತು ಕೆಲಸ ಮಾಡುವ ಪದ್ಧತಿ, ಒಬ್ಬರ ಮಾದರಿಯನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡುವ ರೀತಿ, ನೋಡಿದ ಮೇಲೆ ಕೇಳುವ ಪ್ರಶ್ನೆ, ಎಲ್ಲವೂ ಅವರಿಂದಲೇ ನಮಗೆ ಇಳಿದು ಬಂದವು. ಆ ಪ್ರಶ್ನೆ ಚಿಕ್ಕದು: ‘ಇದಕ್ಕೆ ಆಧಾರ ಏನು?’ ಸಂಘದ ಚರಿತ್ರೆ ಬರೆಯಹೊರಟರೆ ಪದಾಧಿಕಾರಿಗಳ ಪಟ್ಟಿಗಿಂತ ಈ ಪ್ರಶ್ನೆಯ ಬೆನ್ನು ಹತ್ತುವುದೇ ಸರಿ ಎಂದು ನನಗನ್ನಿಸುತ್ತದೆ.

ಸಂಘಕ್ಕಿಂತ ಮುಂಚೆ ಅಳತೆ ಬಂದಿತ್ತು. 1932ರಲ್ಲಿ ಬ್ರಿಟನ್ನಿನ ಜೇಮ್ಸ್ ಹೇ ಸ್ಟೀವನ್ಸ್ ಎಂಬವರು ರೂಪಿಸಿದ ಸ್ಕೈಬರ್ಡ್ಸ್ ಎಂಬ ಮರದ ಕಿಟ್‌ಗಳು 1/72 ಅಳತೆಯವು. ಆರಡಿಗೆ ಒಂದಂಗುಲ ಎಂಬ ಲೆಕ್ಕ. ಆರಡಿ ಎತ್ತರದ ಪೈಲಟ್ ಅಂಗುಲದ ಬೊಂಬೆಯಾಗುತ್ತಾನೆ. 1936ರಲ್ಲಿ ಫ್ರಾಗ್ ಕಂಪನಿ ಪೆಂಗ್ವಿನ್ ಹೆಸರಿನಲ್ಲಿ ಇದೇ ಅಳತೆಯ ಪ್ಲಾಸ್ಟಿಕ್ ಕಿಟ್‌ಗಳನ್ನು ಮಾರಾಟಕ್ಕೆ ತಂದಿತು. ಸೆಲ್ಯುಲೋಸ್ ಅಸಿಟೇಟಿನಲ್ಲಿ ಮಾಡಿದ ಆ ರೆಕ್ಕೆಗಳು ವರ್ಷಗಳು ಉರುಳಿದಂತೆ ಸೊಟ್ಟಗಾಗುತ್ತಿದ್ದವು. ಆದರೂ ನಾವು ಇಂದು ಕಟ್ಟುವ ಕಿಟ್‌ಗಳ ವಂಶ ಶುರುವಾಗುವುದು ಅಲ್ಲಿಂದಲೇ.

ಆಮೇಲೆ ಯುದ್ಧ ಬಂತು. ಆಕಾಶದಲ್ಲಿ ಚುಕ್ಕಿಯಂತೆ ಕಾಣುವುದು ತಮ್ಮದೋ ಶತ್ರುವಿನದೋ ಎಂದು ಗುರುತಿಸಲಾಗದೆ ಗನ್ನರ್‌ಗಳು ತಮ್ಮವರ ಮೇಲೆಯೇ ಗುಂಡು ಹಾರಿಸುವ ಅಪಾಯವಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಶಾಲಾಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಕೇಳಿತು. ಅಳತೆ ಅದೇ 1/72, ಬಣ್ಣ ಬರೀ ಕಪ್ಪು. ಹತ್ತು ಮೀಟರ್ ದೂರದಲ್ಲಿ ತೂಗುಹಾಕಿದರೆ 720 ಮೀಟರ್ ಆಚೆ ಹಾರುವ ನಿಜ ವಿಮಾನ ಎಷ್ಟು ಕಾಣುತ್ತದೋ ಅಷ್ಟೇ ಕಾಣಬೇಕು. ಮೂಗು ಎರಡು ಮಿಲಿಮೀಟರ್ ಉದ್ದವಾದರೆ ಆ ಮಾದರಿ ಉಪಯೋಗಕ್ಕಿಲ್ಲ. ಮಾದರಿ ನಿಜಕ್ಕೆ ತಾಳೆಯಾಗಬೇಕು ಎಂಬ ಹಟವನ್ನು ನಮ್ಮ ಹವ್ಯಾಸದ ಅತಿರೇಕವೆಂದು ತಿಳಿಯುವವರಿದ್ದಾರೆ. ಒಂದು ಕಾಲಕ್ಕೆ ಜೀವಗಳು ಆ ಹಟವನ್ನು ನಂಬಿಕೊಂಡಿದ್ದವು.

ಯುದ್ಧ ಮುಗಿದ ಮೇಲಿನ ಕಥೆ ಏರ್‌ಫಿಕ್ಸ್‌ನದು. ಹಂಗೆರಿ ಮೂಲದ ನಿಕೊಲಸ್ ಕೋವ್ 1939ರಲ್ಲಿ ಸ್ಥಾಪಿಸಿದ ಈ ಕಂಪನಿ ಗಾಳಿ ತುಂಬಿದ ರಬ್ಬರ್ ಆಟಿಕೆಗಳಿಂದ ಶುರುಮಾಡಿ, ಪ್ಲಾಸ್ಟಿಕ್ ಬಾಚಣಿಗೆಗೆ ತಿರುಗಿ, ಫರ್ಗ್ಯುಸನ್ ಟ್ರ್ಯಾಕ್ಟರಿನ ಮಾದರಿ ಮಾಡಿ, ಕಡೆಗೆ 1952ರಲ್ಲಿ ವೂಲ್‌ವರ್ತ್ಸ್ ಅಂಗಡಿಗಳಿಗೆ ಗೋಲ್ಡನ್ ಹೈಂಡ್ ಹಡಗಿನ ಕಿಟ್ಟನ್ನು ಎರಡು ಶಿಲಿಂಗಿಗೆ ಇಳಿಸಿತು. ಆಮೇಲೆ ಸ್ಪಿಟ್‌ಫೈರ್ ಯುದ್ಧವಿಮಾನದ ಕಿಟ್ ಬಂತು. ತಂದೆ ಓಡಿಸಿದ, ದೊಡ್ಡಪ್ಪ ರಿಪೇರಿ ಮಾಡಿದ ವಿಮಾನವನ್ನು ಮಗ ಜೇಬಿನ ಕಾಸಿನಲ್ಲಿ ಕೊಂಡು ಊಟದ ಮೇಜಿನ ಮೇಲೆ ಅಂಟಿಸುವ ಕಾಲ ಅದು. 1960ರಲ್ಲಿ ಏರ್‌ಫಿಕ್ಸ್ ಮ್ಯಾಗಜೀನ್ ಹೊರಟಾಗ ಆ ಹುಡುಗರು ದೊಡ್ಡವರಾಗುತ್ತಿದ್ದರು. ಕಿಟ್ಟಿನ ಡಬ್ಬಿಯ ಮೇಲಿನ ಚಿತ್ರ ಅವರಿಗೆ ಸಾಲದಾಗಿತ್ತು. ಯಾವ ಸ್ಕ್ವಾಡ್ರನ್, ಯಾವ ತಿಂಗಳು, ಹೊಟ್ಟೆಯ ಬಣ್ಣ ಯಾವುದು ಎಂದು ಕೇಳತೊಡಗಿದ್ದರು.

ಕೇಳಿದರೆ ಉತ್ತರ ಹೇಳುವವರು ಯಾರು? ಬ್ರಿಟನ್ನಿನ ಸರ್ಕಾರಿ ಕಡತಗಳು ಆಗಿನ ಕಾನೂನಿನ ಪ್ರಕಾರ ಐವತ್ತು ವರ್ಷ ಮುಚ್ಚಿರಬೇಕಿತ್ತು. 1967ರಲ್ಲಿ ಆ ಅವಧಿ ಮೂವತ್ತಕ್ಕೆ ಇಳಿಯಿತು. ಎರಡನೆಯ ಮಹಾಯುದ್ಧದ ಕಾಗದಗಳ ದೊಡ್ಡ ರಾಶಿ ತೆರೆದದ್ದು 1972ರಲ್ಲಿ. ಅಂದರೆ ಸಂಘ ಹುಟ್ಟಿದಾಗ ಸದಸ್ಯರ ಕೈಯಲ್ಲಿ ಇದ್ದದ್ದು ಹೆಚ್ಚಾಗಿ ಹಳೆಯ ಸೈನಿಕರ ನೆನಪು ಮತ್ತು ಕಪ್ಪುಬಿಳುಪು ಫೋಟೊಗಳು. ಆ ಫೋಟೊಗಳೂ ಕಣ್ಣಿಗೆ ಮೋಸ ಮಾಡುತ್ತವೆ. ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಹಳದಿ ಕಪ್ಪಗೆ ಕಾಣುತ್ತದೆ, ನೀಲಿ ಬೆಳ್ಳಗಾಗುತ್ತದೆ. ಲಾಂಛನದ ಸುತ್ತಲಿನ ಹಳದಿ ಬಳೆಯನ್ನು ಗಾಢ ಬಣ್ಣವೆಂದು ನಂಬಿ ಬಳಿದವರಿದ್ದರು. ಹೀಗಿರುವಾಗ ಒಬ್ಬನೇ ಮನೆಯಲ್ಲಿ ಕೂತು ಸರಿಯಾದ ಸ್ಪಿಟ್‌ಫೈರ್ ಕಟ್ಟುವುದು ಆಗದ ಮಾತು. ನನ್ನ ಬಳಿ ಒಂದು ಫೋಟೊ, ನಿಮ್ಮ ಬಳಿ ಇನ್ನೊಂದು, ಪಕ್ಕದ ಊರಿನವರ ಭಾವ ಅದೇ ಏರ್‌ಫೀಲ್ಡಿನಲ್ಲಿ ಫಿಟ್ಟರ್ ಆಗಿದ್ದವರು. ಮೂರನ್ನೂ ಒಂದೆಡೆ ಇಟ್ಟಾಗ ಮಾತ್ರ ಏನಾದರೂ ಹೊಳೆಯುತ್ತದೆ. ಅವರಿಗೆ ಸಂಘ ಬೇಕಾದದ್ದು ಇದಕ್ಕೆ.

1940ರ ಬೇಸಿಗೆಯ ಫೈಟರ್‌ಗಳ ಹೊಟ್ಟೆಯ ಬಣ್ಣವನ್ನೇ ನೋಡಿ. ಜೂನ್‌ನಲ್ಲಿ ‘ಸ್ಕೈ’ ಎಂಬ ಹೊಸ ಬಣ್ಣ ಬಳಿಯಬೇಕೆಂದು ಆಜ್ಞೆ ಹೊರಟಿತು. ಆದರೆ ಬಣ್ಣದ ಡಬ್ಬಿಗಳು ಎಲ್ಲೆಡೆ ಸಮಯಕ್ಕೆ ತಲುಪಲಿಲ್ಲ. ಕೈಗೆ ಸಿಕ್ಕ ನೀಲಿಯನ್ನೋ ಹಸಿರನ್ನೋ ಬೆರೆಸಿ ಬಳಿದ ಘಟಕಗಳಿದ್ದವು. ಹಾಗಾಗಿ ‘ಬ್ಯಾಟಲ್ ಆಫ್ ಬ್ರಿಟನ್ ಸ್ಪಿಟ್‌ಫೈರಿನ ಹೊಟ್ಟೆ ಯಾವ ಬಣ್ಣ?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ‘ಯಾವ ವಿಮಾನ, ಯಾವ ವಾರ?’ ಎಂದು ಮರುಪ್ರಶ್ನೆ ಹಾಕಬೇಕು. ಈ ಚರ್ಚೆ ಅರವತ್ತು ವರ್ಷಗಳಿಂದ ನಡೆದೇ ಇದೆ, ನಿಲ್ಲುವ ಲಕ್ಷಣ ಇಲ್ಲ. ನಿಲ್ಲದಿರುವುದರಿಂದಲೇ ಎಷ್ಟೋ ಕಡತಗಳ ಧೂಳು ಒರೆಸಲ್ಪಟ್ಟಿದೆ.

ಸಂಘ ಬೆಳೆದ ಪರಿಯನ್ನು ಚಿಕ್ಕದಾಗಿ ಹೇಳುತ್ತೇನೆ. 1964ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಜಿಮ್ ಸೇಜ್ ಅಮೆರಿಕದ ಶಾಖೆ ತೆರೆದರು. ಆಮೇಲೆ ದೇಶದಿಂದ ದೇಶಕ್ಕೆ ಹಬ್ಬಿತು. ಒಂದೊಂದು ದೇಶದ ಐಪಿಎಂಎಸ್ ತನ್ನ ಕಾರುಬಾರು ತಾನೇ ನೋಡಿಕೊಳ್ಳುತ್ತದೆ. ಅದರೊಳಗೆ ಊರೂರಿನ ಶಾಖೆಗಳು, ಜೊತೆಗೆ ಒಂದೇ ವಿಷಯದ ಹಿಂದೆ ಬಿದ್ದವರ ವಿಶೇಷಾಸಕ್ತಿ ಗುಂಪುಗಳು. ಬ್ರಿಟನ್ನಿನವರ ಸ್ಕೇಲ್ ಮಾಡೆಲ್‌ವರ್ಲ್ಡ್ ಪ್ರದರ್ಶನ ನವೆಂಬರಿನಲ್ಲಿ ಟೆಲ್‌ಫರ್ಡ್‌ನಲ್ಲಿ ಸೇರುತ್ತದೆ. ಅಮೆರಿಕನ್ನರ ರಾಷ್ಟ್ರೀಯ ಸಮ್ಮೇಳನ ವರ್ಷಕ್ಕೊಂದು ಊರು ಹುಡುಕಿಕೊಂಡು ಹೋಗುತ್ತದೆ. ಜಪಾನಿನ ಶಿಜುವೊಕದಲ್ಲಿ, ತಾಮಿಯ ಮತ್ತು ಹಸೆಗಾವ ಕಂಪನಿಗಳ ತವರಿನಲ್ಲಿ, ಮೇ ತಿಂಗಳ ಹಾಬಿ ಶೋ ಜೊತೆಗೇ ಕ್ಲಬ್ಬುಗಳೆಲ್ಲ ತಮ್ಮ ತಮ್ಮ ಮೇಜು ಹಾಕಿ ಮಾದರಿ ಜೋಡಿಸುತ್ತವೆ. ಸ್ಪರ್ಧೆಗಿಂತ ಈ ಮೇಜುಗಳೇ ನನಗೆ ಹೆಚ್ಚಿನವು. ಬಹುಮಾನ ಬಂದ ಮಾದರಿಯ ಮುಂದೆ ಜನ ನಿಂತು ನೋಡಿ ಹೋಗುತ್ತಾರೆ. ಕ್ಲಬ್ಬಿನ ಮೇಜಿನ ಹಿಂದೆ ಕಟ್ಟಿದವನೇ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ, ಅವನನ್ನು ಕೇಳಬಹುದು.

ಸ್ಪರ್ಧೆಯ ತೀರ್ಪಿನಿಂದಲೂ ಒಂದು ಒಳ್ಳೆಯ ಶಿಸ್ತು ಬಂತು. ತೀರ್ಪುಗಾರರು ಮೊದಲು ನೋಡುವುದು ಬಣ್ಣವನ್ನಲ್ಲ. ವಿಮಾನದ ಎರಡು ಹೋಳು ಸೇರಿದ ಕಡೆ ಗೆರೆ ಉಳಿದಿದೆಯೇ, ಎರಡೂ ರೆಕ್ಕೆ ಒಂದೇ ಕೋನದಲ್ಲಿವೆಯೇ, ಚಕ್ರಗಳು ನೆಲಕ್ಕೆ ಸರಿಯಾಗಿ ತಾಗುತ್ತವೆಯೇ, ಕಾಕ್‌ಪಿಟ್ಟಿನ ಗಾಜಿನ ಮೇಲೆ ಅಂಟು ಹರಿದಿದೆಯೇ, ಇವೇ ಮೊದಲು. ಅಡಿಪಾಯ ಸೊಟ್ಟಗಿದ್ದರೆ ಮೇಲಿನ ಮಸಿ ಎಷ್ಟು ಚೆನ್ನಾಗಿದ್ದರೇನು? ಮಾದರಿಯ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದ್ದು. ಅವಸರಕ್ಕೆ ಒತ್ತಿದರೆ ಕರಗಿದ ಅಂಚು ಉಬ್ಬಿ ನಿಲ್ಲುತ್ತದೆ, ಆಮೇಲೆ ಸ್ಯಾಂಡ್ ಪೇಪರ್ ಹಿಡಿದು ಸಂಜೆಗಟ್ಟಲೆ ಉಜ್ಜಬೇಕು. ನಮ್ಮ ಬಳಗಕ್ಕೆ ಹೊಸಬರು ಬಂದಾಗ ಮೊದಲು ಕಲಿಸುವುದು ಇದನ್ನೇ. ಏರ್‌ಬ್ರಶ್ ಆಮೇಲೆ.

ಇನ್ನು ವೆದರಿಂಗ್, ಅಂದರೆ ಬಿಸಿಲು, ಮಳೆ, ಎಣ್ಣೆ, ಹೊಗೆ, ಬೂಟಿನ ತುಳಿತ ಇವುಗಳಿಂದ ವಿಮಾನದ ಮೈಮೇಲೆ ಬಿದ್ದ ಗುರುತುಗಳನ್ನು ಮಾದರಿಯ ಮೇಲೆ ತರುವ ಕೆಲಸ. ಸಂಘದ ಆರಂಭದ ವರ್ಷಗಳ ಮಾದರಿಗಳು ಬಹುಪಾಲು ಶುಭ್ರವಾಗಿರುತ್ತಿದ್ದವು. ಹಂಬ್ರೋಲ್‌ನ ಪುಟ್ಟ ಡಬ್ಬಿಯ ಎನಾಮೆಲ್ ಬಣ್ಣ, ಒಂದು ಕುಂಚ, ಅಷ್ಟೇ ಸಲಕರಣೆ. 1970ರ ದಶಕದಲ್ಲಿ ಶಿಕಾಗೊದ ಶೆಪರ್ಡ್ ಪೇನ್ ಮಾನೊಗ್ರಾಂ ಕಂಪನಿಯ ಕಿಟ್‌ಗಳಿಗಾಗಿ ದೃಶ್ಯಗಳನ್ನು ಕಟ್ಟಿ, ಹೇಗೆ ಕಟ್ಟಿದೆನೆಂದು ವಿವರಿಸುವ ಕರಪತ್ರಗಳನ್ನು ಡಬ್ಬಿಯೊಳಗೇ ಇಡಿಸಿದರು. ಬಾಂಬರ್ ಕೊಂಡ ಹುಡುಗನಿಗೆ ವಿಮಾನವೂ ಸವೆಯುತ್ತದೆ, ಅದಕ್ಕೊಂದು ಬದುಕಿತ್ತು ಎಂದು ಆ ಮಡಿಸಿದ ಹಾಳೆ ಹೇಳಿಕೊಟ್ಟಿತು. ಮುಂದೆ ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್, ಬಣ್ಣ ಬಹುತೇಕ ಒರೆಸಿದ ಕುಂಚದಿಂದ ಉಬ್ಬುಗಳನ್ನಷ್ಟೇ ಸವರುವ ಕೈಚಳಕವನ್ನು ಜಗತ್ತಿಗೆ ಹಂಚಿದರು. ಆಮೇಲೆ ಸ್ಪೇನಿನ ಮಾದರಿಕಾರರು ಪುಡಿಬಣ್ಣ, ತೆಳುಪದರದ ಫಿಲ್ಟರ್, ಎಣ್ಣೆಬಣ್ಣದ ಚುಕ್ಕಿಗಳನ್ನು ಬಳಸಿ ಇಡೀ ಹವ್ಯಾಸದ ಮುಖವನ್ನೇ ಬದಲಿಸಿದರು.

ಈ ಕೊನೆಯ ಅಲೆಯ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಯೇಬಿಡುತ್ತೇನೆ. ಅದರ ಬಹುಪಾಲು ತಂತ್ರಗಳು ಟ್ಯಾಂಕುಗಳ ಮೇಲೆ ಹುಟ್ಟಿದವು. ಟ್ಯಾಂಕು ಉಕ್ಕಿನದು, ಕೆಸರಿನಲ್ಲಿ ಓಡುತ್ತದೆ, ತುಕ್ಕು ಹಿಡಿಯುತ್ತದೆ. ಯುದ್ಧಕಾಲದ ಬಹುತೇಕ ಫೈಟರ್‌ಗಳ ಹೊರಮೈ ಅಲ್ಯೂಮಿನಿಯಂ. ಬಣ್ಣ ಕಿತ್ತರೆ ಅಲ್ಲಿ ಕಾಣಬೇಕಾದದ್ದು ಬೆಳ್ಳಿ, ಇಲ್ಲವೇ ಒಳಗಿನ ಪ್ರೈಮರಿನ ಬಣ್ಣ. ಕಂದು ತುಕ್ಕು ಕಾಣುವಂತಿಲ್ಲ. ಎಷ್ಟೋ ಫೈಟರ್‌ಗಳು ಕೆಲವೇ ವಾರ ಬದುಕಿದವು; ಬಣ್ಣ ಮಾಸುವಷ್ಟು ಆಯುಷ್ಯವೇ ಅವಕ್ಕಿರಲಿಲ್ಲ. ಪ್ಯಾನೆಲ್ ಲೈನುಗಳ, ಅಂದರೆ ತಗಡುಗಳು ಸೇರುವ ಗೆರೆಗಳ, ಕಥೆಯೂ ಹಾಗೆಯೇ. 1/72ರ ಮಾದರಿಯಲ್ಲಿ 0.2 ಮಿಲಿಮೀಟರ್ ಅಗಲದ ಗೆರೆ ಎಂದರೆ ನಿಜ ವಿಮಾನದಲ್ಲಿ 14 ಮಿಲಿಮೀಟರಿಗೂ ಹೆಚ್ಚಿನ ಬಿರುಕು, ಹೆಬ್ಬೆರಳ ತುದಿ ತೂರುವಷ್ಟು! ಅಂಥ ಗೆರೆಯಲ್ಲಿ ಕಪ್ಪು ತುಂಬಿ ಎತ್ತಿ ತೋರಿಸಿದರೆ ವಿಮಾನ ಕೌದಿಯಂತೆ ಕಾಣುತ್ತದೆ. ಪಿ-51 ಮಸ್ಟ್ಯಾಂಗ್‌ನ ರೆಕ್ಕೆಯನ್ನಂತೂ ಕಾರ್ಖಾನೆಯಲ್ಲೇ ಗಾಳಿ ನುಣುಪಾಗಿ ಹರಿಯಲೆಂದು ಪುಟ್ಟಿ ಹಚ್ಚಿ, ಗೆರೆ ಮುಚ್ಚಿ, ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಅದರ ಮುಂಭಾಗದಲ್ಲಿ ಗೆರೆ ಎಳೆದು ಕಪ್ಪು ತುಂಬುವುದು ಅಂದವಾಗಿ ಕಂಡೀತು. ಆದರೆ ಅದು ಮಸ್ಟ್ಯಾಂಗ್ ಆಗುವುದಿಲ್ಲ.

ಹಾಗೆಂದು ಶುಭ್ರವಾಗಿಡಿ ಎನ್ನುತ್ತಿಲ್ಲ. ನನಗೆ ಕೊಳೆಯೆಂದರೆ ಪ್ರೀತಿ. ಅದರಲ್ಲಿ ಮನುಷ್ಯರ ಓಡಾಟ ಇದೆ. ಸ್ಪಿಟ್‌ಫೈರಿನ ಕಾಕ್‌ಪಿಟ್ಟಿಗೆ ಬಾಗಿಲಿರುವುದು ಎಡಗಡೆ, ಆದ್ದರಿಂದ ಬೂಟಿನ ತುಳಿತಕ್ಕೆ ಬಣ್ಣ ಹೆಚ್ಚು ಸವೆಯುವುದು ಎಡರೆಕ್ಕೆಯ ಬುಡದಲ್ಲಿ. ರೆಕ್ಕೆಯ ಬಂದೂಕುಗಳ ಬಾಯಿಗೆ ಧೂಳು, ತೇವ ಹೋಗದಂತೆ ಕೆಂಪು ಬಟ್ಟೆಯ ತುಂಡು ಅಂಟಿಸುತ್ತಿದ್ದರು. ಗುಂಡು ಹಾರಿಸಿದರೆ ಬಟ್ಟೆ ಹರಿದು, ರೆಕ್ಕೆಯ ಅಡಿಯಲ್ಲಿ ಮಸಿಯ ಗೆರೆ ಹಿಂದಕ್ಕೆ ಓಡುತ್ತದೆ. ಕೆಂಪು ಬಟ್ಟೆ ಇನ್ನೂ ಹರಿದಿಲ್ಲವೆಂದರೆ ಆ ಹಾರಾಟದಲ್ಲಿ ಗುಂಡು ಹಾರಿಲ್ಲ. ಹರಿಯದ ಬಟ್ಟೆಯ ಹಿಂದೆ ದಟ್ಟ ಹೊಸ ಮಸಿ ಬಳಿದರೆ ಕಥೆಯೇ ಕೆಟ್ಟಿತು. ಎಗ್ಸಾಸ್ಟಿನ ಕಲೆಯೂ ಬರೀ ಕಪ್ಪಲ್ಲ. ಪೆಟ್ರೋಲಿನಲ್ಲಿ ಸೀಸದ ಸಂಯುಕ್ತ ಬೆರೆಸುತ್ತಿದ್ದ ಕಾಲ ಅದು. ದೂರದ ಹಾರಾಟದಲ್ಲಿ ಇಂಧನ ಉಳಿಸಿ ಓಡಿಸಿದ ಎಂಜಿನ್ ಬೂದಿಬಣ್ಣದ ತೆಳು ಪುಡಿಯನ್ನು ಬಿಡುತ್ತದೆ, ಇಂಧನ ಹೆಚ್ಚಾಗಿ ಉರಿಸಿದಾಗ ಕಪ್ಪು ಕಾಡಿಗೆ ಕೂರುತ್ತದೆ. ಪೆಸಿಫಿಕ್ ದ್ವೀಪಗಳ ಕೋರ್ಸೇರ್ ವಿಮಾನಗಳ ಮೂಗಿನ ಮೇಲೆ ಬಿಳಿ ಪಟ್ಟಿ ಕಾಣುತ್ತದಲ್ಲ, ಅದು ಅಲಂಕಾರವಲ್ಲ. ಕಾಕ್‌ಪಿಟ್ಟಿನ ಮುಂದಿನ ಟ್ಯಾಂಕಿನಿಂದ ಒಸರಿದ ಇಂಧನ ಗಾಜಿಗೆ ಸಿಡಿಯದಂತೆ ನೆಲದ ಸಿಬ್ಬಂದಿ ಸಂದಿಗಳಿಗೆ ಅಂಟಿಸಿದ ಟೇಪು. ಉತ್ತರ ಆಫ್ರಿಕದ ಮರಳು ಪ್ರೊಪೆಲರಿನ ಅಂಚು ಮತ್ತು ರೆಕ್ಕೆಯ ಮುಂದಂಚನ್ನು ಉಜ್ಜಿ ಲೋಹ ಬಿಡಿಸುತ್ತಿತ್ತು. ಒಂದೊಂದು ಕಲೆಗೂ ಒಂದು ಕಾರಣ, ಕಾರಣದ ಹಿಂದೆ ಒಬ್ಬ ಮನುಷ್ಯ. ಪೈಲಟ್‌ಗಳ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಟೇಪು ಅಂಟಿಸಿದ, ಎಣ್ಣೆ ಒರೆಸಿದ ಮೆಕ್ಯಾನಿಕ್‌ನ ಗುರುತು ಉಳಿದಿರುವುದು ಫೋಟೊದಲ್ಲಿ ಕಾಣುವ ಆ ಕೊಳೆಯಲ್ಲೇ. ಅದಕ್ಕೇ ಮನಸ್ಸಿಗೆ ತೋಚಿದಂತೆ ಕೊಳೆ ಬಳಿಯಬಾರದು ಎನ್ನುವುದು.

ಈಗ ನಮ್ಮ ಕಡೆಗೆ ಬರೋಣ. ಆಮದಿಗೆ ಪರವಾನಗಿ ಬೇಕಿದ್ದ ದಿನಗಳಲ್ಲಿ ನಮ್ಮಲ್ಲಿ ಕಿಟ್ ಎಂದರೆ ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಜಾಗ ಸಿಕ್ಕರೆ ಮಾತ್ರ ಬರುವ ವಸ್ತು. ಕಿಟ್ ಬಂದರೂ ಬಣ್ಣ ಬರುತ್ತಿರಲಿಲ್ಲ. ಬೆಂಕಿ ಹತ್ತುವ ದ್ರವವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಬೋರ್ಡು ಬರೆಯುವವರ ಎನಾಮೆಲ್, ಕಾರು ಗ್ಯಾರೇಜಿನ ಪ್ರೈಮರ್ ಮತ್ತು ಥಿನ್ನರ್, ಆರ್ಟ್ ಅಂಗಡಿಯ ಎಣ್ಣೆಬಣ್ಣ, ಇವುಗಳಲ್ಲೇ ನಮ್ಮ ಹಿರಿಯರು ಕೈ ಪಳಗಿಸಿಕೊಂಡರು. ಇವತ್ತು ಎಲ್ಲವೂ ಮನೆಬಾಗಿಲಿಗೆ ಬರುತ್ತದೆ, ಬೆಲೆ ಮಾತ್ರ ಕೈ ಸುಡುತ್ತದೆ. ಆದ್ದರಿಂದ ಬಳಗದಲ್ಲಿ ಉಳಿದ ಡೆಕಾಲ್ (ಲಾಂಛನದ ಅಂಟುಚಿತ್ರ) ಹಾಳೆ, ಬಳಸದ ಚಕ್ರ, ಬಾಂಬು, ಗಾಜುಗಳನ್ನು ಹಂಚಿಕೊಳ್ಳುವ ರೂಢಿ ಬಿಟ್ಟುಹೋಗಿಲ್ಲ. ಯಾರಾದರೂ ತೀರಿಕೊಂಡರೆ ಅವರು ಅರ್ಧ ಕಟ್ಟಿಟ್ಟಿದ್ದ ಕಿಟ್ಟನ್ನು ಮನೆಯವರಿಂದ ಕೇಳಿ ತಂದು ಉಳಿದವರು ಮುಗಿಸಿ, ಮನೆಗೇ ಕೊಟ್ಟು ಬರುತ್ತೇವೆ.

ಬೆಂಗಳೂರಿನಲ್ಲಿ ಕೂತು ಬ್ರಿಟಿಷ್, ಜರ್ಮನ್ ವಿಮಾನಗಳನ್ನೇ ಕಟ್ಟುತ್ತೀರೇಕೆ ಎಂದು ನಮ್ಮನ್ನು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಊರಿನ ಚರಿತ್ರೆ ನೋಡಿದರೆ ಅವರ ವಿಮಾನ, ನಮ್ಮ ವಿಮಾನ ಎಂಬ ಗೆರೆ ಅಷ್ಟು ನೇರವಾಗಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಇಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆ ಹಾಕಿದರು. 1943ರಲ್ಲಿ ಅದು ಅಮೆರಿಕದ ವಾಯುಸೇನೆಯ ದೊಡ್ಡ ರಿಪೇರಿ ಡಿಪೊ ಆಯಿತು. ಬರ್ಮಾ ಕಡೆಯ ಯುದ್ಧದಲ್ಲಿ ಹಾರಿ ಸವೆದ ವಿಮಾನಗಳು ಇಲ್ಲಿಗೆ ಬಂದು ಹೊಸದಾಗಿ ಹೋಗುತ್ತಿದ್ದವು. ನಾವು ಮಾದರಿಯ ಮೇಲೆ ತರಲು ಹೆಣಗುವ ಕೊಳೆಯನ್ನು ಈ ಊರಿನ ಕಾರ್ಮಿಕರು ನಿಜ ವಿಮಾನಗಳ ಮೈಯಿಂದ ತೊಳೆದು ತೆಗೆಯುತ್ತಿದ್ದರು.

ಲಿಬರೇಟರ್ ಬಾಂಬರ್‌ಗಳ ಕಥೆಯನ್ನಂತೂ ಇಲ್ಲಿ ಹೇಳಲೇಬೇಕು. ಯುದ್ಧ ಮುಗಿದಾಗ ಬ್ರಿಟಿಷರ ಬಿ-24 ಲಿಬರೇಟರ್‌ಗಳು ಕಾನಪುರದ ಚಕೇರಿಯಲ್ಲಿ ಸಾಲಾಗಿ ನಿಂತುಬಿಟ್ಟಿದ್ದವು. ಅಮೆರಿಕದಿಂದ ಯುದ್ಧಕಾಲಕ್ಕೆಂದು ಪಡೆದ ವಿಮಾನಗಳಾದ್ದರಿಂದ ಮತ್ತೆ ಹಾರಬಾರದೆಂದೇ ಅವನ್ನು ಬೇಕಂತಲೇ ಹಾಳುಗೆಡವಲಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಭಾರತೀಯ ವಾಯುಪಡೆಗೆ ಭಾರೀ ಬಾಂಬರ್ ಬೇಕಾಯಿತು. ಕೊಳ್ಳಲು ಹಣ ಎಲ್ಲಿತ್ತು? ಬೆಂಗಳೂರಿನ ಕಾರ್ಖಾನೆಯ ತಂಡ ಚಕೇರಿಗೆ ಹೋಗಿ, ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಹಾರುವಷ್ಟರ ಮಟ್ಟಿಗೆ ಒಂದೊಂದನ್ನೇ ಎಬ್ಬಿಸಿ ನಿಲ್ಲಿಸಿತು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಕಾನಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ರಿಪೇರಿಯಾಯಿತು. 1948ರ ನವೆಂಬರಿನಲ್ಲಿ ನಂ. 5 ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ಹುಟ್ಟಿತು. ಈ ವಿಮಾನಗಳು 1968ರವರೆಗೆ ವಾಯುಪಡೆಯಲ್ಲಿ ದುಡಿದವು. ಗುಜರಿ ಎಂದು ಬಿಟ್ಟುಹೋದವು ಇಪ್ಪತ್ತು ವರ್ಷ ಹಾರಿದವು! ಇವತ್ತು ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ, ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್‌ಗಳು ಭಾರತೀಯ ವಾಯುಪಡೆಯಿಂದಲೇ ಅಲ್ಲಿಗೆ ಹೋದವು. ಬೇರೆ ದೇಶಗಳಲ್ಲಿ ಲಿಬರೇಟರ್‌ಗಳನ್ನು ಕರಗಿಸಿ ಪಾತ್ರೆ ಮಾಡುತ್ತಿದ್ದ ಕಾಲಕ್ಕೆ ನಮ್ಮವರು ಅವನ್ನು ಓಡಿಸುತ್ತಿದ್ದರು. ಅದಕ್ಕೇ ಅವು ಉಳಿದವು.

ಎಚ್‌ಎಫ್-24 ಮಾರುತ್ ಫೈಟರಿನದು ಇನ್ನೊಂದು ಬಗೆಯ ನಂಟು. ನಮ್ಮಲ್ಲಿ ಜರ್ಮನ್ ಫೈಟರ್ ಫೊಕೆ-ವುಲ್ಫ್ 190 ಕಟ್ಟದವರು ಸಿಗುವುದು ಅಪರೂಪ. ಅದನ್ನು ರೂಪಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಮಾರುತ್ ವಿನ್ಯಾಸ ಮಾಡಿದರು. ವಿಮಾನ ಮೊದಲು ಹಾರಿದ್ದು 17 ಜೂನ್ 1961ರಂದು, ಟೆಸ್ಟ್ ಪೈಲಟ್ ಸುರಂಜನ್ ದಾಸ್ ಅವರ ಕೈಯಲ್ಲಿ. ಅದಕ್ಕೂ ಮೊದಲು, 1959ರಲ್ಲಿ, ಅದೇ ಆಕಾರದ ಪೂರ್ಣಗಾತ್ರದ ಮರದ ಗ್ಲೈಡರ್ ಕಟ್ಟಿ, ಡಕೋಟ ವಿಮಾನಕ್ಕೆ ಹಗ್ಗ ಬಿಗಿದು ಎಳೆದು ಹಾರಿಸಿ ನೋಡಿದ್ದರು. ಒಂದಕ್ಕೆ ಒಂದು ಅಳತೆಯ ಮಾದರಿ ಅದು! ಮಾದರಿ ಕಟ್ಟುವವರಿಗೆ ಇದಕ್ಕಿಂತ ಹತ್ತಿರದ ಸಂಗತಿ ಬೇರಿಲ್ಲ. 15.87 ಮೀಟರ್ ಉದ್ದದ ಮಾರುತ್ 1/72ರಲ್ಲಿ 22 ಸೆಂಟಿಮೀಟರ್ ಆಗುತ್ತದೆ. ನೀಳವಾದ ಮೂಗು, ಸೊಂಟ ಸಣ್ಣಗಾದ ಮೈಕಟ್ಟು. ಮೇಜಿನ ಮೇಲಿಟ್ಟರೆ ಅಂಥ ಚೆಲುವೆ ಇನ್ನೊಬ್ಬಳಿಲ್ಲ.

ಮಾರುತ್ ನೋಡಬೇಕೆಂದರೆ ಎಚ್‌ಎಎಲ್ ಮ್ಯೂಸಿಯಂಗೆ ಹೋಗಬಹುದು. ಹೋದಾಗ ಒಂದು ಎಚ್ಚರ ಇರಲಿ. ಬಯಲಿನಲ್ಲಿ ನಿಂತ ವಿಮಾನ ಮಳೆ ಬಿಸಿಲಿಗೆ ಮಾಸುತ್ತದೆ, ಕಾಲಕಾಲಕ್ಕೆ ಹೊಸ ಬಣ್ಣ ಕಾಣುತ್ತದೆ. ರಿವೆಟ್ಟಿನ ಸಾಲು, ಚಕ್ರದ ಗೂಡಿನ ಒಳಭಾಗ, ಬಾಗಿಲಿನ ದಪ್ಪ, ಇವಕ್ಕೆ ಅದು ಮೊದಲ ದರ್ಜೆಯ ಸಾಕ್ಷಿ. ಬಣ್ಣಕ್ಕೆ, ಕೊಳೆಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನಮ್ಮಲ್ಲಿ ಫೋಟೊ ತೆಗೆಯಲು ಹೋದವರು ಹೊರಮೈಗಿಂತ ಸಂದಿಗೊಂದಿಗಳನ್ನೇ ಹೆಚ್ಚು ಸೆರೆಹಿಡಿದು ತರುವುದು ಇದಕ್ಕೇ.

ನ್ಯಾಟ್ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಬ್ರಿಟನ್ನಿನ ಫಾಲಂಡ್ ಕಂಪನಿಯ ಈ ಪುಟ್ಟ ಫೈಟರನ್ನು ಪರವಾನಗಿ ಪಡೆದು ಬೆಂಗಳೂರಿನಲ್ಲೇ ತಯಾರಿಸಿದರು. ಮುಂದೆ ಅದನ್ನೇ ಸುಧಾರಿಸಿ ಅಜೀತ್ ಮಾಡಿದರು. 1965ರ ಯುದ್ಧದಲ್ಲಿ ಬೆಳ್ಳಿಯಂತೆ ಹೊಳೆಯುತ್ತಿದ್ದ ನ್ಯಾಟ್‌ಗಳು 1971ರ ಹೊತ್ತಿಗೆ ಹಸಿರು ಮರೆಬಣ್ಣ ತೊಟ್ಟಿದ್ದವು. 22 ನವೆಂಬರ್ 1971ರಂದು ಪೂರ್ವ ಪಾಕಿಸ್ತಾನದ ಗಡಿಯ ಬಳಿ, ಬೊಯ್ರಾದ ಮೇಲೆ ನಡೆದ ಕಾದಾಟದಲ್ಲಿ ಕೊಡಗಿನ ಎಂ. ಎ. ಗಣಪತಿಯವರು ಹಾರಿಸಿದ್ದು ಇದೇ ನ್ಯಾಟ್. ಜೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿ ಅಜೀತ್ ಕಿಟ್ಟನ್ನು ತಂದಿದೆ. 1/72ರಲ್ಲಿ ರೆಕ್ಕೆಯ ತುದಿಯಿಂದ ತುದಿಗೆ 9.3 ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ.

ಅದರ ವೆದರಿಂಗ್ ನಮ್ಮ ಮೇಜಿನ ಮೇಲೆ ಹೇಗೆ ನಡೆಯುತ್ತದೆ ಎಂದು ಹೇಳಿದರೆ ಹೊಸಬರಿಗೆ ಉಪಯೋಗವಾದೀತು. ಮರೆಬಣ್ಣ ಒಣಗಿದ ಮೇಲೆ ಮೈಗೆಲ್ಲ ಹೊಳಪಿನ ಪಾರದರ್ಶಕ ವಾರ್ನಿಶ್. ಒರಟು ಮೈಮೇಲೆ ಡೆಕಾಲ್ ಹಚ್ಚಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ, ಅದಕ್ಕೇ ಈ ಹೊಳಪು. ಮಳೆಗಾಲದಲ್ಲಿ ಈ ಹಂತವನ್ನು ಮುಂದೂಡುವುದು ಲೇಸು. ತೇವದ ಗಾಳಿಯಲ್ಲಿ ಲ್ಯಾಕರ್ ಹಾಲಿನಂತೆ ಬೆಳ್ಳಗಾಗಿಬಿಡುತ್ತದೆ. ಡೆಕಾಲ್ ಕೂತ ಮೇಲೆ ಬರ್ನ್ಟ್ ಅಂಬರ್ ಎಣ್ಣೆಬಣ್ಣವನ್ನು ರಟ್ಟಿನ ಚೂರಿನ ಮೇಲೆ ಹಿಂಡಿ ಬಿಡುತ್ತೇವೆ. ರಟ್ಟು ಅಗಸೆ ಎಣ್ಣೆಯನ್ನು ಹೀರಿಕೊಂಡು ಬಣ್ಣವನ್ನಷ್ಟೇ ಉಳಿಸುತ್ತದೆ, ಆಗ ಅದು ಮೆರುಗಿಲ್ಲದೆ ಒಣಗುತ್ತದೆ. ಅದರಲ್ಲಿ ಸಾಸಿವೆಯಷ್ಟು ತೆಗೆದು, ಅಜೀತಿನ ಹೊಟ್ಟೆಯಡಿ ಹೈಡ್ರಾಲಿಕ್ ಎಣ್ಣೆ ಸೋರುವ ಜಾಗಕ್ಕೆ ಮುಟ್ಟಿಸಿ, ಥಿನ್ನರಿನಲ್ಲಿ ಅದ್ದಿ ಒರೆಸಿದ ಚಪ್ಪಟೆ ಕುಂಚದಿಂದ ಗಾಳಿ ಹರಿಯುವ ದಿಕ್ಕಿಗೆ ಎಳೆಯಬೇಕು. ಕೈ ಅಡ್ಡ ಹೋಗಬಾರದು. ಎಳೆದದ್ದರಲ್ಲಿ ಮುಕ್ಕಾಲು ಪಾಲು ಒರೆಸಿ ತೆಗೆಯಬೇಕು. ನ್ಯಾಟ್‌ನ 30 ಮಿಲಿಮೀಟರ್ ಫಿರಂಗಿಗಳೆರಡೂ ಇರುವುದು ಗಾಳಿ ಒಳಹೋಗುವ ಬಾಯಿಗಳ ಪಕ್ಕೆಯಲ್ಲಿ, ಆದ್ದರಿಂದ ಮಸಿ ಹತ್ತಬೇಕಾದದ್ದು ಅಲ್ಲಿಯೇ. ರೆಕ್ಕೆಯ ಮುಂದಂಚಿಗೆ ಮಸಿ ಬಳಿದ ಮಾದರಿ ಮೇಜಿಗೆ ಬಂದರೆ ಎಲ್ಲರ ಬಾಯಿಂದ ಒಟ್ಟಿಗೇ ಆ ಹಳೆಯ ಪ್ರಶ್ನೆ ಹೊರಡುತ್ತದೆ. ಕೊನೆಗೆ ಮಂದ ವಾರ್ನಿಶ್. ಅದರ ಮೇಲೆ ಬೇಕೆಂದರೆ ಪುಡಿಬಣ್ಣ, ಬೇಡವೆಂದರೆ ಅಷ್ಟಕ್ಕೇ ನಿಲ್ಲಿಸಿ. ನಿಲ್ಲಿಸಲು ಬರುವವರೇ ಒಳ್ಳೆಯ ಕೈಯವರು.

ಮುಂದಿನ ಕೆಲಸದ ಮಾತು ಹೇಳಿ ಮುಗಿಸುತ್ತೇನೆ. ಬಳಗದವರೆಲ್ಲ ಸೇರಿ ಬೆಂಗಳೂರಿನಲ್ಲಿ ರಿಪೇರಿಯಾದ ಲಿಬರೇಟರ್ ಒಂದನ್ನು 1/48ರ ಅಳತೆಯಲ್ಲಿ ಕಟ್ಟುವುದೆಂದು ತೀರ್ಮಾನಿಸಿದ್ದೇವೆ. ರೆಕ್ಕೆಯಗಲ 70 ಸೆಂಟಿಮೀಟರ್ ಆಗುವುದರಿಂದ ಒಬ್ಬರ ಮನೆಯ ಕಪಾಟಿನಲ್ಲಿ ಹಿಡಿಯುವ ವಸ್ತುವಲ್ಲ. ಬೇರೆ ಬೇರೆ ವಿಮಾನಗಳ ಭಾಗ ಕೂಡಿಸಿ ಎದ್ದು ನಿಂತದ್ದು ಅದು. ಪಕ್ಕಪಕ್ಕದ ತಗಡುಗಳ ಬಣ್ಣದಲ್ಲಿ ವ್ಯತ್ಯಾಸವಿತ್ತೇ, ತೇಪೆಗಳು ಎಲ್ಲಿದ್ದವು, ಹಳೆಯ ಬ್ರಿಟಿಷ್ ಲಾಂಛನವನ್ನು ಪೂರ್ತಿ ಅಳಿಸಿದ್ದರೇ ಅಥವಾ ಹೊಸ ಬಣ್ಣದಡಿ ಅದು ನೆರಳಾಗಿ ಕಾಣುತ್ತಿತ್ತೇ, ಇವನ್ನೆಲ್ಲ ಫೋಟೊ ನೋಡಿಯೇ ನಿರ್ಧರಿಸಬೇಕು. 1948ರಿಂದ 1968ರ ನಡುವೆ ಎಚ್‌ಎಎಲ್‌ನಲ್ಲಿ ಅಥವಾ ವಾಯುಪಡೆಯ ಲಿಬರೇಟರ್ ಸ್ಕ್ವಾಡ್ರನ್‌ಗಳಲ್ಲಿ ದುಡಿದವರ ಮನೆಗಳಲ್ಲಿ ಹಳೆಯ ಆಲ್ಬಂ ಇದ್ದರೆ ದಯವಿಟ್ಟು ತೆರೆದು ನೋಡಿ. ಅಜ್ಜ ವಿಮಾನದ ಮುಂದೆ ಸಾಲಾಗಿ ನಿಂತು ತೆಗೆಸಿಕೊಂಡ ಗುಂಪುಫೋಟೊ ಆದರೂ ಸಾಕು. ಮುಖಗಳ ಹಿಂದೆ ಒಂದು ಮೊಳ ತಗಡು ಕಂಡರೂ ನಮಗೆ ಕೆಲಸವಿದೆ. ಮೂಲ ಫೋಟೊ ಮನೆಯಲ್ಲೇ ಇರಲಿ, ನಾವೇ ಬಂದು ಪ್ರತಿ ಮಾಡಿಕೊಂಡು ಹೋಗುತ್ತೇವೆ. ಫೋಟೊದಲ್ಲಿರುವವರ ಹೆಸರು ಗೊತ್ತಿದ್ದರೆ ಅದನ್ನೂ ಬರೆದುಕೊಳ್ಳುತ್ತೇವೆ.